ಮಡುವಿಗೆ ಬಿಟ್ಟ ಜೆರ್ಸಿ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಕಾಲೇಜಿನಲ್ಲಿ ಆಟ ಕಲಿಸುತ್ತಿದ್ದ ವಾರಿಜಾಕ್ಷಿ ಮೇಡಂ. ನಾವು ಸೋತು ಬಂದ ದಿನವೇ ಹೇಳುತ್ತಿದ್ದರು. ಗೆದ್ದವರು ಕತೆ ಕೇಳುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ಶಿಷ್ಯನೊಬ್ಬ ಗುರುವನ್ನು ಕೇಳಿದ: “ಗುರುಗಳೇ, ಬೇಡವೆಂದು ನಾವು ಹೊಳೆಗೆ ಬಿಟ್ಟದ್ದೆಲ್ಲ ಕೊನೆಗೆ ಎಲ್ಲಿಗೆ ಹೋಗುತ್ತದೆ?”

ಗುರು ಹೇಳಿದರು:

ಒಬ್ಬ ಕಬಡ್ಡಿ ಆಟಗಾರನಿದ್ದ. ಅವನ ಕಾಲು ಹಿಡಿದು ನಿಲ್ಲಿಸಿದವರು ಸುತ್ತಲ ಊರುಗಳಲ್ಲೇ ಇರಲಿಲ್ಲ. ಅವನೊಬ್ಬ ಆಡಿದರೆ ಸಾಕೇ? ಒಮ್ಮೆ ತಂಡ ಸೋತಿತು. ಮನೆಗೆ ಬಂದರೆ ಅಜ್ಜಿ ಹೊಸಿಲಲ್ಲೇ ತಡೆದಳು.

“ಸೋತ ಬಟ್ಟೆ ಒಳಗೆ ತರಬೇಡವೋ. ಮಡುವಿಗೆ ಬಿಟ್ಟು ಬಾ. ಬಿಟ್ಟ ಮೇಲೆ ತಿರುಗಿ ನೋಡಬೇಡ.”

ಅಜ್ಜಿಯ ಕಾಲದವರು ಕೆಟ್ಟ ಗಳಿಗೆಯಲ್ಲಿ ಉಟ್ಟಿದ್ದ ಬಟ್ಟೆಯನ್ನು ಹಾಗೆಯೇ ಹೊಳೆಯ ಮಡುವಿಗೆ ಬಿಡುತ್ತಿದ್ದರು. ಅವನೂ ಜೆರ್ಸಿ ಬಿಟ್ಟ. ತಿರುಗಿ ನೋಡಲಿಲ್ಲ. ಮುಂದಿನ ಪಂದ್ಯ ಗೆದ್ದರು. ಅಷ್ಟು ಸಾಕಾಯಿತು. ಅಲ್ಲಿಂದ ತಂಡಕ್ಕೆಲ್ಲ ಅದೇ ಪದ್ಧತಿ: ಸೋತರೆ ಜೆರ್ಸಿ, ಚಡ್ಡಿ, ಮೊಣಕಾಲಿನ ಪಟ್ಟಿ, ಬೂಟು, ಎಲ್ಲವೂ ಮಡುವಿಗೆ. ಅಂಗಡಿಯವನಿಗೆ ಹಬ್ಬ.

“ತಗೊಳ್ಳಿ ಅಣ್ಣ, ಪಾಲಿಯೆಸ್ಟರ್! ನೀವು ಮುದುಕರಾದರೂ ಇದಕ್ಕೆ ಪ್ರಾಯ,” ಎನ್ನುತ್ತಿದ್ದ. ಅವರು ನಗುತ್ತ ಕೊಳ್ಳುತ್ತಿದ್ದರು. ಸೋಲು ಅವರಿಗೆ ಅಪರೂಪವೇನೂ ಆಗಿರಲಿಲ್ಲ.

ಒಂದು ಬೇಸಗೆಯಲ್ಲಿ ಮಡುವಿನ ನೀರು ಇಳಿದಿತ್ತು. ಅಭ್ಯಾಸ ಮುಗಿಸಿ ಎಲ್ಲರೂ ಈಜಲು ಹೋದರು. ಅವನೇ ಮೊದಲು ಧುಮುಕಿದ. ತಳ ಮುಟ್ಟಿ ಮೇಲೇಳುವಾಗ ಯಾರೋ ಅವನ ಕಾಲು ಹಿಡಿದರು.

ಗೆಳೆಯರ ಚೇಷ್ಟೆಯೆಂದು ಒದ್ದ. ಹಿಡಿತ ಇನ್ನೂ ಬಿಗಿಯಾಯಿತು. ಕಲಿತ ಪಟ್ಟುಗಳನ್ನೆಲ್ಲ ಹಾಕಿದ. ಬಿಡಲಿಲ್ಲ. ಎದುರಾಳಿಗಳನ್ನು ದಣಿಸುತ್ತಿದ್ದ ಅವನ ಉಸಿರು ಮುಗಿಯುತ್ತ ಬಂತು. ಬಗ್ಗಿ ನೋಡಿದ. ಕೆಳಗೆ ಒಂದು ಗುಂಪೇ ನಿಂತಿತ್ತು. ತಲೆಗಳಿಲ್ಲ, ಕೈಗಳಿಲ್ಲ, ಅಂಗಿಯ ಖಾಲಿ ತೋಳುಗಳು ಮಾತ್ರ ನೀರಿನೊಂದಿಗೆ ಆಡುತ್ತಿದ್ದವು. ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. ಅವನ ಪಾದಕ್ಕೆ ಸುತ್ತಿಕೊಂಡಿದ್ದ ಜೆರ್ಸಿಯ ಬೆನ್ನ ಮೇಲೆ ಅವನದೇ ಹೆಸರಿತ್ತು.

ಚರ್ಮ ಕಿತ್ತುಬಂದರೂ ಸರಿಯೆಂದು ಕಾಲು ಎಳೆದುಕೊಂಡ. ಮೇಲೆ ಬಂದ. ದಡದಲ್ಲಿ ಉಳಿದವರು ಧುಮುಕಲು ಅಣಿಯಾಗಿದ್ದರು.

“ಇಳಿಯಬೇಡ್ರೋ!” ಎಂದು ಕಿರುಚಿದ.

“ಯಾಕೋ, ಯಾರಿದಾರೆ ಒಳಗೆ? ಮೊಸಳೆ ಮಾವನಾ?” ಎಂದು ಅವರು ನಕ್ಕರು.

“ನಮ್ಮ ಟೀಮು,” ಎಂದ ಅವನು.

ಮರುದಿನ ಹಗ್ಗ ಹಾಕಿ ಸಿಕ್ಕಷ್ಟನ್ನು ಎಳೆದರು. ಅರ್ಧ ಹೂತರು, ಮಳೆಗಾಲ ಕಳೆದರೂ ಮಣ್ಣು ಅದನ್ನು ತಿನ್ನಲಿಲ್ಲ. ಉಳಿದದ್ದಕ್ಕೆ ಬೆಂಕಿಯಿಟ್ಟರು, ಹೊಗೆಗೆ ಊರಿನ ಮಕ್ಕಳು ಕೆಮ್ಮಿ ಕೆಮ್ಮಿ ಸುಸ್ತಾದರು, ಕರಗಿದ್ದು ಕಲ್ಲಿಗಂಟಿ ಅಲ್ಲೇ ಕೂತಿತು. ಕೈಗೆ ಸಿಗದವು ಇನ್ನೂ ಮಡುವಿನಲ್ಲಿವೆ. ಆ ಆಟಗಾರ ಮತ್ತೆ ಅಂಗಳಕ್ಕೆ ಇಳಿಯಲಿಲ್ಲ. ಯಾರಾದರೂ ಕಾಲು ಮುಟ್ಟಿದರೆ ಸಾಕು, ಅವನಿಗೆ ಉಸಿರು ಕಟ್ಟುತ್ತಿತ್ತು.

ಶಿಷ್ಯ ಹೇಳಿದ: “ಹಾಗಾದರೆ ಅಜ್ಜಿ ಹೇಳಿದ್ದೇ ತಪ್ಪು.”

“ಅಜ್ಜಿ ಬಿಟ್ಟದ್ದು ಹತ್ತಿಬಟ್ಟೆ, ತಿರುಗಿ ನೋಡಿದರೂ ಅಲ್ಲಿ ಏನೂ ಉಳಿದಿರುತ್ತಿರಲಿಲ್ಲ; ನೀನು ಬಿಟ್ಟದ್ದು ಏನೇನು ನಿನ್ನ ಹಿಂದೆ ಉಳಿದಿದೆ, ಒಮ್ಮೆ ತಿರುಗಿ ನೋಡು,” ಎಂದರು ಗುರು.

ಶಿಷ್ಯ ತಿರುಗಿ ನೋಡಲಿಲ್ಲ.

ಕೇಳಿದಿರಲ್ಲ, ನೀವೂ ಯಾರಿಗಾದರೂ ಹೇಳಿ. ಅವರು ಹೊಸ ಜೆರ್ಸಿ ಕೊಳ್ಳುವ ಮೊದಲು ಹೇಳಿ.