ಆರಿದ ಕಿಟಕಿಗಳ ಊರು

"ಗುರುಗಳೇ, ಭಯವಿಲ್ಲದ ಲೋಕ ಎಲ್ಲಿ ಸಿಗುತ್ತೆ?" ಎಂದು ಶಾಲ್ಮಲಿ ಕೇಳಿದಳು.

ಅವಳು ಕೇಳಿದ್ದು ಕಂಪ್ಯೂಟರ್ ಆಟಗಳ ವಿಷಯ. ಒಬ್ಬರೋ ಇಬ್ಬರೋ ಕೂತು ಮಾಡಿದ, ಹೆಚ್ಚು ಜನ ಅರಿಯದ ಆಟಗಳನ್ನು ಅವಳು ಹುಡುಕಿ ಹುಡುಕಿ ಆಡುತ್ತಿದ್ದಳು. ಅವುಗಳಲ್ಲಿ ಯುದ್ಧವಿಲ್ಲ, ಗೆಲುವಿಲ್ಲ. ಒಂದು ವಿಚಿತ್ರ ಲೋಕವಿರುತ್ತದೆ, ಅದರೊಳಗೆ ತಿರುಗುವುದೇ ಆಟ.

"ಮೊದಲು ಎಷ್ಟು ಚೆಂದ ಇರುತ್ತೆ. ಕೊನೆಕೊನೆಗೆ ಅಲ್ಲಿ ನಿಲ್ಲೋಕೇ ಹೆದರಿಕೆ. ಬಿಟ್ಟು ಇನ್ನೊಂದಕ್ಕೆ ಹೋಗ್ತೀನಿ. ಅಲ್ಲೂ ಅದೇ."

ಗುರುಗಳು ಸ್ವಲ್ಪ ನಕ್ಕು ಕತೆ ಶುರುಮಾಡಿದರು.

ಒಬ್ಬ ಆಟಗಾರನಿದ್ದ. ನಿನ್ನ ಹಾಗೇ ಅಲೆಮಾರಿ. ಅವನಿಗೆ ಒಮ್ಮೆ ಒಂದು ಆಟ ಸಿಕ್ಕಿತು. ಬೆಟ್ಟದ ಮೈಗೆ ಅಂಟಿಕೊಂಡ ಊರು, ಸದಾ ಮುಸ್ಸಂಜೆ. ಜನರಿಲ್ಲ. ಆದರೆ ಪ್ರತಿ ಕಿಟಕಿಯಲ್ಲೂ ಒಂದು ದೀಪ, ಪ್ರತಿ ಮನೆಯಿಂದಲೂ ಯಾರೋ ಕೆಲಸ ಮಾಡುತ್ತ ಗುನುಗುವಂಥ ಹಾಡು. ಇಂಥ ಊರಿಗಾಗಿಯೇ ಅವನು ವರ್ಷಗಟ್ಟಲೆ ಹುಡುಕಿದ್ದ. ಆ ಆಟಕ್ಕೊಂದು ನಿಯಮವಿತ್ತು: ಒಬ್ಬನಿಗೆ ಒಂದೇ ಊರು. ಅಲ್ಲಿ ಮಾಡಿದ್ದು ಮಾಡಿದ ಹಾಗೇ ಉಳಿಯುತ್ತದೆ, ಮತ್ತೆ ಮೊದಲಿನಿಂದ ಆಡುವಂತಿಲ್ಲ.

ಇಂಥ ಆಟಗಾರರಿಗೆ ಒಂದು ರೂಢಿಯಿದೆ. ನೋಡಿದ ಜಾಗವನ್ನೇ ಮತ್ತೆ ನೋಡಬಾರದೆಂದು ಏನಾದರೂ ಗುರುತು ಮಾಡಿಡುತ್ತಾರೆ. ಇವನು ಒಂದು ಮನೆಯನ್ನು ಮೂಲೆಮೂಲೆ ಜಾಲಾಡಿದ ಮೇಲೆ ಅದರ ದೀಪ ಆರಿಸಿ ಹೊರಬರುತ್ತಿದ್ದ. ಬೆಳಕಿದ್ದರೆ ನೋಡಬೇಕಾದ ಮನೆ, ಕತ್ತಲಾಗಿದ್ದರೆ ಮುಗಿದ ಮನೆ. ಮಹಾ ಜಾಣ! ಬೀದಿಯ ಮೇಲೆ ಬೀದಿ ಮುಗಿಸುತ್ತ, ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ಬೀಗಿದ.

ಅರ್ಧ ಊರು ಮುಗಿದಾಗ ಹಿಂದೆ ಹೆಜ್ಜೆಯ ಸದ್ದು ಕೇಳಿತು. ನಿಂತ. ಅದು ತುಸು ತಡವಾಗಿ ನಿಂತಿತು. ನಡೆದ. ಅದೂ ನಡೆಯಿತು. ಆದರೂ ಅವನು ದೀಪ ಆರಿಸುವುದನ್ನು ಬಿಡಲಿಲ್ಲ. ಬೇಗ ಮುಗಿಸಿದರೆ ಬೇಗ ಪಾರಾಗಬಹುದು ಎಂದುಕೊಂಡ. ಒಂದೊಂದು ದೀಪ ಆರಿದ ಹಾಗೆಲ್ಲ ಸದ್ದು ಜೋರಾಯಿತು. ಕೊನೆಗೆ ಬೆಟ್ಟದ ತುದಿಯಲ್ಲಿ ಒಂದೇ ದೀಪ ಉಳಿಯಿತು. ಅವನು ಅತ್ತ ಓಡಿದ. ಸದ್ದೂ ಓಡಿ ಬಂತು. ಒಳಗೆ ನುಗ್ಗಿ, ಅಗುಳಿ ಹಾಕಿ, ದೀಪದ ಬುಡದಲ್ಲಿ ಕುಳಿತ.

ಪರದೆಯ ಈಚೆ ಕೂತಿದ್ದ ಅವನು ಆ ಆಟ ಮಾಡಿದವನಿಗೆ ಫೋನ್ ಮಾಡಿದ. "ಆ ಕತ್ತಲಲ್ಲಿ ಏನು ಬಿಟ್ಟಿದ್ದೀರಿ? ಬಾಗಿಲ ಹೊರಗೇ ನಿಂತಿದೆ."

"ನಾನು ಕತ್ತಲನ್ನೇ ಮಾಡಿಲ್ವಲ್ಲ, ಮಾರಾಯ್ರೇ. ಆ ಊರಲ್ಲಿ ನಡೆಯೋರು ನೀವೊಬ್ಬರೇ. ದೀಪ ಆರಿದರೆ ಆ ಮನೆ ಹಾಡೂ ನಿಲ್ಲುತ್ತೆ. ಹಾಡಿರೋವರೆಗೆ ನಿಮ್ಮ ಹೆಜ್ಜೆ ನಿಮಗೆ ಕೇಳ್ತಿರಲಿಲ್ಲ. ಈಗ ಖಾಲಿ ಗೋಡೆಗೆ ಬಡಿದು ವಾಪಸ್ ಬರ್ತಿದೆ, ಅಷ್ಟೇ."

"ಮತ್ತೆ ಹಚ್ಚೋದು ಹೇಗೆ?"

"ಆರದ ದೀಪ ದೀಪದ ಹಾಗೆ ಕಾಣಲ್ಲ ಅಂತ ಆರೋ ಹಾಗೆ ಮಾಡಿದ್ದೆ. ಯಾರಾದರೂ ಊರನ್ನೇ ಆರಿಸ್ತಾರೆ ಅಂದ್ಕೊಂಡಿರಲಿಲ್ಲ. ಹಚ್ಚೋದನ್ನ ಇಟ್ಟಿಲ್ಲ."

ಹೊರಗಿರುವುದು ತಾನೇ ಎಂದು ತಿಳಿದ ಮೇಲೆ ಅವನ ಹೆದರಿಕೆ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಆ ಅಗುಳಿ ತೆಗೆಯಲು ಅವನಿಂದ ಇಂದಿಗೂ ಆಗಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಾಲ್ಮಲಿಗೆ ತಡೆಯಲಾಗಲಿಲ್ಲ. "ಅದು ಅವನ ದಡ್ಡತನ. ನಾನು ಕೇಳಿದ್ದಕ್ಕೆ ಹೇಳಿ, ಭಯವಿಲ್ಲದ ಲೋಕ ಒಂದಾದರೂ ಇಲ್ವಾ?"

"ಎಲ್ಲ ಲೋಕಗಳೂ ಭಯವಿಲ್ಲದೆಯೇ ಇದ್ದವು ತಾಯಿ, ನೀನು ಹೋಗುವವರೆಗೆ," ಎಂದರು ಗುರುಗಳು.