ಸೊನ್ನೆ ಬರೆದವನು

ಹೊಳೆಯ ಆಚೆ ದಡದಲ್ಲಿ ಪಾರ್ವತೀಬಾಯಿಯವರ ಗುರುಕುಲವಿತ್ತು. ಹಳೆಯ ಯಂತ್ರಗಳು ಕೆಟ್ಟು ಕೂರುವ ಮೊದಲು ಅವುಗಳ ನಡೆಯನ್ನು ಹೊಸ ಕಂಪ್ಯೂಟರಿನಲ್ಲಿ ಇದ್ದದ್ದು ಇದ್ದ ಹಾಗೆ ಆಡಿಸುವ ವಿದ್ಯೆ ಅವರದು. ಇಂದುಧರ ಅಲ್ಲಿ ಐದು ವರ್ಷ ಕಲಿತವನು.

ಹೊಳೆಯ ಏರಿಕೆಯನ್ನು ಲೆಕ್ಕ ಹಾಕುತ್ತಿದ್ದ ಎರಡು ಮುದಿ ಯಂತ್ರಗಳನ್ನು ಗುರು ಅವನಿಗೆ ಒಪ್ಪಿಸಿದರು. ಎರಡರ ಪ್ರೊಸೆಸರೂ ಬೇರೆ ಬೇರೆ.

"ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಅವು ಏನು ಮಾಡುತ್ತವೆ, ನೋಡಿದೆಯಾ?"

"ನೋಡಿದೆ ಅಮ್ಮ. 'ಇದು ಸಂಖ್ಯೆಯೇ ಅಲ್ಲ' ಅಂತ ಗುರುತು ಇಡುತ್ತವೆ. ಒಂದರ ಗುರುತು ಇನ್ನೊಂದರ ಹಾಗಿಲ್ಲ."

"ಇದ್ದ ಹಾಗೇ ಇಡು."

ಅವನು ಇಡಲಿಲ್ಲ. ಆ ಎರಡು ಗುರುತುಗಳ ಜೊತೆ ಮೂರು ವಾರ ಒದ್ದಾಡಿ, ಬೇಸತ್ತು, ಎರಡರ ಜಾಗದಲ್ಲೂ ಸೊನ್ನೆ ಬರೆದುಬಿಟ್ಟ. ಪರದೆ ಚೊಕ್ಕವಾಗಿ ಕಂಡಿತು. ಗುರುವಿಗೆ "ಮುಗಿಯಿತು" ಎಂದ.

ಆಷಾಢದಲ್ಲಿ ಅಳತೆಯ ಕೊಳವೆಯೊಳಗೆ ಹೂಳು ತುಂಬಿತು. ಅಳೆಯಲು ಏನೂ ಸಿಗದೆ, ಸೊನ್ನೆಯನ್ನು ಸೊನ್ನೆಯಿಂದ ಭಾಗಿಸುವಂತಾಗಿ ಲೆಕ್ಕ ಮುರಿಯಿತು. ಹಳೆಯ ಯಂತ್ರಗಳಾಗಿದ್ದರೆ ಗುರುತು ಇಟ್ಟು ಗಂಟೆ ಬಾರಿಸುತ್ತಿದ್ದವು. ಇಂದುಧರನ ಕಂಪ್ಯೂಟರು 'ಏರಿಕೆ ಸೊನ್ನೆ' ಎಂದು ತೋರಿಸಿತು.

ಹೊಳೆಯ ಕಾವಲುಗಾರ ಅದನ್ನೇ ಓದಿ ಹೇಳಿದ. ಅಂಬಿಗ ಹುಲುಗಪ್ಪ ನಂಬಿ ಹರಿಗೋಲು ಬಿಟ್ಟ. ಮೂರನೆಯ ದಿನ ಅವನ ಹೆಣ ಸಿಕ್ಕಿತು.

ಇಂದುಧರ ಗುರುವಿನ ಮುಂದೆ ನಿಂತು ಒಂದನ್ನೂ ಮುಚ್ಚಿಡದೆ ಹೇಳಿದ. ಅವರು ಬಯ್ಯಲಿಲ್ಲ. ಸೆರಗು ಹೊದ್ದುಕೊಂಡು "ನಡಿ" ಎಂದರು.

ಹುಲುಗಪ್ಪನ ಹೆಂಡತಿ ದ್ಯಾಮವ್ವ ಹೊಸ್ತಿಲ ಮೇಲೆ ಕೂತಿದ್ದಳು.

"ಆ ಯಂತ್ರ ಮಾಡಿದಾಂವ ನೀನೇನಪಾ? ಅವತ್ತ ನೀರು ಎಷ್ಟು ಏರಿತ್ತು?"

ಇಂದುಧರ ಗುರುವಿನ ಮುಖ ನೋಡಿದ. ಅವರು ಹೊಳೆಯ ಕಡೆ ತಿರುಗಿದ್ದರು.

"ಗೊತ್ತಿಲ್ಲ ಅವ್ವ. ಯಂತ್ರಕ್ಕೂ ಗೊತ್ತಾಗಿರಲಿಲ್ಲ. ಏರಿಲ್ಲ ಅಂತ ಬರೆದವನು ನಾನು."

ದ್ಯಾಮವ್ವ ಹೊಸ್ತಿಲಿಗೆ ಕೈಯೂರಿದಳು.

"ಗೊತ್ತಿಲ್ಲ ಅಂದಿದ್ರ ಅವರು ಮನ್ಯಾಗ ಇರ್ತಿದ್ರು" ಎಂದು ಎದ್ದು ಒಳಗೆ ಹೋದಳು. ಬಾಗಿಲು ಮುಚ್ಚಿತು.

ಹೊಳೆ ಇಳಿದಿತ್ತು. ಹಿಂದಿರುಗುವಾಗ ಹರಿಗೋಲಿನಲ್ಲಿ ಗುರು ಶಿಷ್ಯರಿಬ್ಬರೇ. ನಡುನೀರಿನಲ್ಲಿ ಹುಟ್ಟು ಹಾಕುತ್ತಿದ್ದ ಇಂದುಧರನ ಕೈ ನಿಂತಿತು.

"ಸೊನ್ನೆಗಳನ್ನು ತೆಗೆಯುತ್ತೇನೆ ಅಮ್ಮ. ಎರಡೂ ಗುರುತನ್ನು ಇದ್ದ ಹಾಗೇ ಇಡುತ್ತೇನೆ."

"ಇಡು."

"ಅದು ಮುಂದಿನವರಿಗಾಯಿತು. ಹುಲುಗಪ್ಪನಿಗೆ ನಾನು ಮಾಡಿದ್ದಕ್ಕೆ ಪರಿಹಾರ ಏನು?"

ಹರಿಗೋಲು ನಿಂತಲ್ಲೇ ಮೆಲ್ಲಗೆ ಸುತ್ತತೊಡಗಿತು.

"ಗೊತ್ತಿಲ್ಲ ಮಗನೇ. ಹುಟ್ಟು ಹಾಕು."