ಹೆಪ್ಪುಗಟ್ಟದ ಮೊಸರು

ಹೊಳೆಯ ದಂಡೆಗೆ ಒಂದು ಮಠ. ಅಲ್ಲಿಯ ಗುರುಗಳನ್ನು ಸುತ್ತಲಿನ ಜನ ಹೆಸರು ಹಿಡಿದು ಕರೆದವರಲ್ಲ, ಅಜ್ಜಾರು ಎಂದೇ ಕರೆದವರು. ಬಂದವರಿಗೆಲ್ಲ ಆ ಮಠದಲ್ಲಿ ಊಟ, ಊಟದ ಕೊನೆಗೆ ಗಟ್ಟಿ ಮೊಸರು.

ಆ ಮೊಸರಿಗೆ ಹೆಪ್ಪು ಹಾಕುವ ಕೆಲಸ ಕಲ್ಮೇಶನದು.

ಎಂಥವನಿಗೆ ಎಂಥ ಕೆಲಸ ಕೊಟ್ಟರಪ್ಪ ಅಜ್ಜಾರು ಎಂದು ಮೊದಮೊದಲು ಅಡುಗೆಮನೆಯವರು ನಕ್ಕಿದ್ದುಂಟು. ಯಾಕೆಂದರೆ ಕಲ್ಮೇಶನಿಗೆ ಹಲ್ಲಿಯ ಭಯ. ಮೈಮೇಲೆ ಬಿದ್ದೀತು ಎಂಬ ಭಯವಲ್ಲ, ಅದು ಯಾರಿಗಾದರೂ ಇರುವಂಥದ್ದೇ. ಹಲ್ಲಿ ಹಾಲಿಗೆ ಬಿದ್ದು, ತನ್ನ ಕಣ್ಣು ತಪ್ಪಿ, ಆ ಹಾಲು ಕುಡಿದವರು ಸತ್ತುಹೋದರೆ?

ಈ ಒಂದು ಯೋಚನೆ ಅವನ ತಲೆ ಹೊಕ್ಕು ಕೂತಿತ್ತು. ಮುಚ್ಚಳ ತೆಗೆದು ನೋಡುವನು, ಏನೂ ಇಲ್ಲ. ಮುಚ್ಚುವನು. ಸರಿಯಾಗಿ ನೋಡಿದೆನೋ ಇಲ್ಲವೋ? ಮತ್ತೆ ತೆಗೆಯುವನು, ಸೌಟು ಹಾಕಿ ತಳ ಕೆದಕುವನು. ಹಲ್ಲಿ ಪಾಪ, ತನ್ನ ಪಾಡಿಗೆ ತಾನು ಗೋಡೆಯ ಮೇಲಿರುತ್ತಿತ್ತು.

ಅವನ ಮನೆಯಲ್ಲಿ ಯಾರೂ ನೆಮ್ಮದಿಯಿಂದ ಉಂಡದ್ದಿಲ್ಲ. ಹಲ್ಲಿ ಬಿದ್ದಿರಬಹುದೆಂದು ಅವನು ಚೆಲ್ಲಿದ್ದೇ ಹೆಚ್ಚು. ಹೆಂಡತಿ ನಿಂಗವ್ವ ಬೈದವಳಲ್ಲ. ಮಗಳ ಕೈ ಹಿಡಿದುಕೊಂಡು ಪಕ್ಕದ ಮನೆಗೆ ಹೋಗಿ ಉಣಿಸಿಕೊಂಡು ಬರುತ್ತಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ, ಅವಳು ಹಾಗೆ ಸುಮ್ಮನೆ ಎದ್ದು ಹೋಗುವುದನ್ನು ನೋಡಿ ನೋಡಿ ಕಲ್ಮೇಶನಿಗೆ ಸಾಕಾಯಿತು. ಮಠಕ್ಕೆ ಬಂದು ಅಜ್ಜಾರ ಕಾಲಿಗೆ ಬಿದ್ದ, ಅಲ್ಲೇ ಉಳಿದ.

ಅಜ್ಜಾರು ಅವನ ಕೈಗೆ ಹೆಪ್ಪಿನ ಬಟ್ಟಲು ಕೊಟ್ಟರು. ಹೆಪ್ಪು ಹಾಕು, ಮುಚ್ಚು, ತಿರುಗಿ ನೋಡದೆ ಬಂದು ನನ್ನ ಹತ್ತಿರ ಕೂಡು ಎಂದರು. ಜಪವಿಲ್ಲ, ತಪವಿಲ್ಲ, ಇಷ್ಟೇ.

ಅವನು ಬಂದು ಕೂಡುತ್ತಿದ್ದ. ಕೂತ ಗಳಿಗೆಯಿಂದ ಚಡಪಡಿಸುತ್ತಿದ್ದ.

“ಅಜ್ಜಾರ, ಹಲ್ಲಿ ಬಿದ್ದಿರಲಿಕ್ಕಿಲ್ಲ, ಅಲ್ಲರಿ?”

“ಬಿದ್ದಿರಬಹುದು,” ಎನ್ನುವರು ಅಜ್ಜಾರು. ಅಷ್ಟು ಹೇಳಿ, ಈ ಸಲ ಹಿತ್ತಲಿನ ಸವತೆಬಳ್ಳಿ ಯಾಕೋ ಕಾಯಿ ಬಿಡಲಿಲ್ಲ ಎಂದು ಬೇರೆ ಮಾತು ತೆಗೆಯುವರು.

ಕಲ್ಮೇಶನಿಗೆ ಮೈಯೆಲ್ಲ ಉರಿಯುತ್ತಿತ್ತು. ಬಿದ್ದಿಲ್ಲ ಎಂದು ಒಂದು ಮಾತು ಹೇಳಿದರೆ ಇವರ ಗಂಟೇನು ಹೋಗುತ್ತದೆ? ಆದರೆ ಯೋಚಿಸಿ ನೋಡಿದರೆ, ಆ ಮಾತನ್ನು ನಿಂಗವ್ವ ದಿನವಿಡೀ ಹೇಳಿ ಹೇಳಿ ಸೋತಿದ್ದಳು. ಅವಳು ಹೇಳಿ ಬಾಯಿ ಮುಚ್ಚುವುದರೊಳಗೆ ಅವನು ಮತ್ತೆ ಕೇಳಿಯಾಗುತ್ತಿತ್ತು.

ಹಾಗೆ ಕೂತೂ ಕೂತೂ ಅವನಿಗೊಂದು ಸಂಗತಿ ತಿಳಿಯಿತು. ಭಯ ಬರುತ್ತಿತ್ತು, ಪಕ್ಕದಲ್ಲಿ ಕೂಡುತ್ತಿತ್ತು, ಮಾತಾಡಿಸುವವರಿಲ್ಲದೆ ಬೇಸತ್ತು ತಾನೇ ಎದ್ದು ಹೋಗುತ್ತಿತ್ತು. ಮಳೆಗಾಲ ಕಳೆದು ಚಳಿ ಹತ್ತುವಷ್ಟರಲ್ಲಿ ಅವನು ಹೆಪ್ಪು ಹಾಕಿ, ಗಡಿಗೆ ಮುಚ್ಚಿ, ಹಾಡಿಕೊಂಡು ಹೊರಗೆ ಬರುವಂತಾದ.

ಅಜ್ಜಾರು ನಿಂಗವ್ವನಿಗೆ ಹೇಳಿ ಕಳಿಸಿದರು, ಬಂದು ಗಂಡನನ್ನು ಕರೆದುಕೊಂಡು ಹೋಗು ಅಂತ.

ಅವಳು ಬರುವ ಹಿಂದಿನ ಸಂಜೆ ಕಲ್ಮೇಶ ಹೆಪ್ಪು ಹಾಕುತ್ತ, ಅಡುಗೆಯ ಈರವ್ವನಿಗೆ ಹಿಗ್ಗಿನಿಂದ ಹೇಳುತ್ತಿದ್ದ, ನಾಳೆ ಮನೆಗೆ ಹೋಗುತ್ತೇನೆ, ಇನ್ನು ನನಗೆ ಯಾವ ಭಯವೂ ಇಲ್ಲ ಎಂದು.

ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿತು.

ಮಾತಿನ ನಡುವೆ ಹಲ್ಲಿ ನುಡಿದರೆ ಆಡಿದ ಮಾತು ನಿಜವಾಗುತ್ತದೆ ಎನ್ನುವವರು ನಾವೆಲ್ಲ. ಈರವ್ವನೂ ಬೆರಳಿನಿಂದ ನೆಲ ಕುಟ್ಟಿ, ನೋಡಪ್ಪ, ಹಲ್ಲಿ ಸೈತ ಹೌದಂತು ಎಂದು ನಕ್ಕಳು. ಕಲ್ಮೇಶ ತಲೆ ಎತ್ತಿ ನೋಡಿದ. ಹಲ್ಲಿ ಇದ್ದದ್ದು ಗೋಡೆಯಲ್ಲಿ, ಸರಿಯಾಗಿ ಗಡಿಗೆಯ ಮೇಲ್ಗಡೆ.

ಮುಚ್ಚಿ ಹೊರಗೆ ಬಂದ. ಮೆಟ್ಟಿಲ ಮೇಲೆ ಕೂತ. ಎದ್ದ. ಒಂದೇ ಒಂದು ಸಲ ನೋಡಿ ಬಂದುಬಿಡುತ್ತೇನೆ ಎಂದುಕೊಂಡು ಒಳಗೆ ಹೋದ. ಒಂದೇ ಸಲಕ್ಕೆ ಮುಗಿದೀತೇ? ಬೆಳಗಾಗುವುದರೊಳಗೆ ಎಷ್ಟು ಸಲ ಮುಚ್ಚಳ ಎತ್ತಿದನೋ, ಎಷ್ಟು ಸಲ ಸೌಟು ಆಡಿಸಿದನೋ ಶಿವನೇ ಬಲ್ಲ.

ಮುಂಜಾನೆ ನೋಡಿದರೆ ಮೊಸರು ಹೆಪ್ಪುಗಟ್ಟಿರಲಿಲ್ಲ. ತೆಳ್ಳಗೆ ನೀರಾಡುತ್ತಿತ್ತು.

ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅವನು ಹೊಳೆಯ ಮೆಟ್ಟಿಲಿಗೆ ಬಂದು ಕೂತ. ಚೆಲ್ಲಲು ಬಂದವನು, ಚೆಲ್ಲಲೂ ಕೈ ಬಾರದೆ ಹಾಗೇ ಕೂತಿದ್ದ. ಸ್ನಾನ ಮುಗಿಸಿ ಬಂದ ಅಜ್ಜಾರು ಒದ್ದೆ ಪಂಚೆಯಲ್ಲೇ ಅವನ ಪಕ್ಕ ಕೂತರು.

“ನಾ ಮನೀಗೆ ಹೋಗೂದಿಲ್ರಿ ಅಜ್ಜಾರ.”

“ಯಾಕೋ?”

“ಬಂದ ದಿನ ಹೆಂಗಿದ್ನೋ ಇವತ್ತೂ ಹಂಗ ಅದೀನ್ರಿ. ಇಷ್ಟು ದಿನ ಮಾಡಿದ್ದೆಲ್ಲಾ ನೀರಾಗ ಹೋತು. ನಿಂಗವ್ವ ಬಂದರ ತಿರುಗಿ ಕಳಿಸ್ರಿ.”

ಅಜ್ಜಾರು ಗಡಿಗೆ ತೆಗೆದುಕೊಂಡರು. ಬೊಗಸೆಗೆ ಅಷ್ಟು ಮೊಸರು ಬಗ್ಗಿಸಿಕೊಂಡು ಕುಡಿದೇಬಿಟ್ಟರು. ಕಲ್ಮೇಶ ಉಸಿರು ಬಿಗಿಹಿಡಿದು ಅವರ ಮುಖವನ್ನೇ ನೋಡಿದ. ಅವರಿಗೇನೂ ಆಗಲಿಲ್ಲ, ಮೀಸೆಗೆ ಹತ್ತಿದ್ದನ್ನು ಒರೆಸಿಕೊಂಡರು.

“ಹುಳಿ ಬಂದೈತಲ್ಲೋ.”

“ಗಟ್ಟಿ ಆಗಿಲ್ರಿ. ನಾ ಕಲಕಿ ಕಲಕಿ ಕೆಡಿಸೀನಿ.”

“ಕಲಕೀದಿ, ಹೌದು. ತಿರುಗಿ ಹಾಲಾತೇನು?”

ಕಲ್ಮೇಶ ಗಡಿಗೆಯೊಳಗೆ ನೋಡಿದ, ಆದರೆ ಈ ಸಲ ಹಲ್ಲಿಗಾಗಿ ಅಲ್ಲ. ಬೆರಳು ಅದ್ದಿ ನಾಲಗೆಗೆ ಹಚ್ಚಿಕೊಂಡ. ತೆಳ್ಳಗಿತ್ತು. ಆದರೂ ಮೊಸರೇ.

ಅವನಿಗೆ ಅಳು ಬಂತು. ಅಜ್ಜಾರು ಅವನ ಬೆನ್ನ ಮೇಲೆ ಕೈ ಇಟ್ಟರು. ಅಳು ತಾನಾಗಿ ನಿಲ್ಲುವವರೆಗೂ ಆ ಕೈ ಅಲ್ಲೇ ಇತ್ತು.

ಕಣ್ಣೊರೆಸಿಕೊಂಡು ಅವನು ಕೇಳಿದ, “ಇದು ಮತ್ತ ಬರತೈತೇನ್ರಿ?”

“ಬರತೈತಿ,” ಎಂದರು ಅಜ್ಜಾರು, ನಾಳೆ ನೆಂಟರು ಬರುತ್ತಾರೆ ಎನ್ನುವಷ್ಟು ಸಲೀಸಾಗಿ.

“ಬಂದಾಗ ಏನ್ಮಾಡ್ಲಿರಿ?”

“ಸಂಜೀಕ ಹೆಪ್ಪು ಹಾಕೂದು ಇದ್ದ ಇರತೈತಲ್ಲೋ.”

ಹೊತ್ತು ಏರುವಾಗ ಆಚೆ ದಂಡೆಯಿಂದ ಹರಿಗೋಲು ಬಂತು. ನಿಂಗವ್ವ ಇಳಿದಳು, ಹಿಂದೆಯೇ ಮಗಳು. ತಂದೆಯ ಮುಖ ಕಂಡು ಬಹಳ ದಿನವಾಗಿತ್ತಲ್ಲ, ಕೂಸು ನಾಚಿಕೊಂಡು ತಾಯಿಯ ಸೀರೆಗೆ ಅಂಟಿ ನಿಂತಿತು. ಕಲ್ಮೇಶನಿಗೆ ಎತ್ತಿಕೊಳ್ಳುವ ಆಸೆ, ಕೈ ಚಾಚಲು ಧೈರ್ಯವಿಲ್ಲ. ಅಜ್ಜಾರು ಎಲ್ಲರಿಗೂ ಊಟಕ್ಕೆ ಏಳಲು ಹೇಳಿದರು. ಮೊಸರು ಬಡಿಸುವುದು ಯಾರು ಎಂದು ಈರವ್ವ ಕೇಳಿದರೆ, ಹೆಪ್ಪು ಹಾಕಿದವನೇ ಎಂದರು.

ಕಲ್ಮೇಶ ಸಾಲಿನುದ್ದಕ್ಕೂ ನೀಡುತ್ತ ಬಂದ. ತೆಳು ಮೊಸರು ನೋಡಿ ಯಾರೋ ಮುಖ ಹುಳ್ಳಗೆ ಮಾಡಿದರು, ಯಾರೋ ಸುರಿದುಕೊಂಡು ಉಂಡರು. ಅವನು ಯಾರನ್ನೂ ಗಮನಿಸಲಿಲ್ಲ. ಸಾಲಿನ ಕೊನೆಗೆ ಮಗಳು ಕೂತಿದ್ದಳು.

ಅವಳು ಅನ್ನವನ್ನು ಬೆರಳಿನಿಂದ ಗುಳಿ ಮಾಡಿ ಕಾಯುತ್ತಿದ್ದಳು. ತಲೆ ಎತ್ತಿ, “ಅಪ್ಪಾ, ಮೊಸರು,” ಎಂದಳು.

ಕಲ್ಮೇಶ ಅಲ್ಲೇ ನಿಂತ. ಬೇರೆಯವರಿಗೆ ನೀಡುವುದು ಒಂದು, ಈ ಎಲೆಗೆ ನೀಡುವುದೇ ಬೇರೆ. ಅವನು ನಿಂತದ್ದನ್ನು ನಿಂಗವ್ವ ನೋಡಿದಳು. ತನ್ನ ಎಲೆ ಬಿಟ್ಟು, ಎದ್ದು ಹೋಗಲು ಮೆಲ್ಲಗೆ ಮಗಳ ರಟ್ಟೆ ಹಿಡಿದಳು.

ಅವನು ಅಜ್ಜಾರ ಕಡೆ ತಿರುಗಿದ. ಕೇಳಬೇಕೆಂದಿದ್ದು ಹಲ್ಲಿಯ ಮಾತನ್ನೇ. ಆದರೆ ಕೇಳಲಿಲ್ಲ, ಅವರೇನು ಹೇಳುತ್ತಾರೆಂದು ಅವನಿಗೆ ಗೊತ್ತಿತ್ತು.

“ಅಜ್ಜಾರ, ಕೈ ನಡಗತೈತ್ರಿ.”

“ನಡಗಲಿ,” ಎಂದರು ಅಜ್ಜಾರು. “ಕೂಸು ಹಸದೈತಿ, ನೀಡು.”